ಧ್ವನಿವರ್ಧಕದ ಅನುಮತಿ ಮತ್ತು ಡೆಸಿಬಲ್ ಲೆಕ್ಕ: ದೇವರಾಜ ಮೊಹಲ್ಲಾದ ಅರ್ಜಿದಾರರ ಗಮನಕ್ಕೆ

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರನ್ವಯ ಧ್ವನಿವರ್ಧಕವನ್ನು ಬಳಸಲು ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿಯನ್ನು ಪಡೆಯುವುದು ಕಡ್ಡಾಯವಾಗಿರುತ್ತದೆ. ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ 18ರ ತೀರ್ಪಿನಲ್ಲಿ ಈ ನಿರ್ಬಂಧಗಳನ್ನು ದೃಢಪಡಿಸಿದ್ದು, ರಾಜ್ಯ ಸರ್ಕಾರವು 2022ರ ಮೇ ತಿಂಗಳಲ್ಲಿ ಇವುಗಳ ಕಟ್ಟುನಿಟ್ಟಿನ ಪಾಲನೆಗೆ ಸೂಚಿಸಿರುತ್ತದೆ. ಆದರೂ ಅನುಮತಿ ಪಡೆದ ಕಾರ್ಯಕ್ರಮಗಳಲ್ಲಿಯೇ ಮಿತಿ ಮೀರುವ ಸಂಭವವಿದೆ. ಡೆಸಿಬಲ್ ಅನ್ನು ಮೀಟರು, ಕಿಲೋಗ್ರಾಮುಗಳಂತೆ ಎಣಿಸುವುದು ಇದಕ್ಕೆ ಒಂದು ಮುಖ್ಯ ಕಾರಣವೆನ್ನಬಹುದು.

ಡೆಸಿಬಲ್ ಎಂಬುದು ಅನುಪಾತದ ಮಾಪನ. ಎರಡು ಶಕ್ತಿಗಳ ಅನುಪಾತದ ಲಾಗರಿತಮ್ ಅನ್ನು 10ರಿಂದ ಗುಣಿಸಿದರೆ ಡೆಸಿಬಲ್ ದೊರೆಯುತ್ತದೆ. ವೋಲ್ಟೇಜ್ ಅಥವಾ ಶಬ್ದದ ಒತ್ತಡವನ್ನು ಹೋಲಿಸುವಾಗ 20ರಿಂದ ಗುಣಿಸತಕ್ಕದ್ದು. ಶಬ್ದಕ್ಕೆ 20 ಮೈಕ್ರೊಪ್ಯಾಸ್ಕಲ್ ಒತ್ತಡವೇ ಸೊನ್ನೆ ಡೆಸಿಬಲ್. ಆದ್ದರಿಂದ ಶಕ್ತಿ ಇಮ್ಮಡಿಯಾದರೆ ಸುಮಾರು 3 ಡೆಸಿಬಲ್, ಹತ್ತು ಪಟ್ಟಾದರೆ 10 ಡೆಸಿಬಲ್ ಹೆಚ್ಚಾಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸುಮಾರು 6 ಡೆಸಿಬಲ್ ಕಡಿಮೆಯಾಗುತ್ತದೆ.

ಹಗಲಿನಲ್ಲಿ, ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ವಾಣಿಜ್ಯ ಪ್ರದೇಶಕ್ಕೆ 65, ವಸತಿ ಪ್ರದೇಶಕ್ಕೆ 55, ನಿಶ್ಶಬ್ದ ವಲಯಕ್ಕೆ 50 ಡೆಸಿಬಲ್ (ಎ) ನಿಗದಿಯಾಗಿದೆ. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿವರ್ಧಕದ ಶಬ್ದವು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರತಕ್ಕದ್ದಲ್ಲ.

ಉದಾಹರಣೆಗೆ, 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 100 ಡೆಸಿಬಲ್ ನೀಡುವ ಹಾರ್ನಿಗೆ 100 ವ್ಯಾಟ್ ಕೊಟ್ಟರೆ ಅಲ್ಲಿಯೇ 120 ಡೆಸಿಬಲ್ ಆಗುತ್ತದೆ. 32 ಮೀಟರ್ ದೂರದ ಗಡಿಯಲ್ಲಿ ಅದು 90 ಡೆಸಿಬಲ್. ವಾಣಿಜ್ಯ ಪ್ರದೇಶದ ಮಿತಿಯಾದ 75ಕ್ಕೆ ತರಲು 15 ಡೆಸಿಬಲ್ ಇಳಿಸಬೇಕು. ಅಂದರೆ ಶಕ್ತಿಯನ್ನು ಐದು ಬಾರಿ ಅರ್ಧಕ್ಕಿಳಿಸಿ ಸುಮಾರು 3 ವ್ಯಾಟ್‌ಗೆ ತರಬೇಕು. ಆಂಪ್ಲಿಫೈಯರ್ ಅನ್ನು 50 ವ್ಯಾಟ್‌ಗೆ ಇಳಿಸಿದೆವೆಂದು ಸಮಾಧಾನ ಪಡುವವರಿಗೆ ಸಿಗುವುದು ಕೇವಲ 3 ಡೆಸಿಬಲ್. ಸರಿಸುಮಾರು ಸಮಾನವಾದ ಎರಡನೆಯ ಹಾರ್ನ್ ಸೇರಿಸಿದರೆ ಆ 3 ಡೆಸಿಬಲ್ ಸಹ ಕೈತಪ್ಪುತ್ತದೆ. ಆದಕಾರಣ ಮೈಕ್ ಸೆಟ್ ಬಾಡಿಗೆಗೆ ಪಡೆಯುವ ಮೊದಲೇ ಹಾರ್ನಿನ ಈ ಅಂಕಿಯನ್ನೂ, ಗಡಿಯವರೆಗಿನ ದೂರವನ್ನೂ ತಿಳಿದಿರುವುದು ಕ್ಷೇಮಕರ.

ದೇವರಾಜ ಮೊಹಲ್ಲಾದಲ್ಲಿ ಈ ಲೆಕ್ಕಕ್ಕೆ ವಿಶೇಷ ಮಹತ್ವವಿದೆ. ದೇವರಾಜ ಮಾರುಕಟ್ಟೆ ಹಾಗೂ ದಸರಾ ಮೆರವಣಿಗೆ ಸಾಗುವ ಸಯ್ಯಾಜಿರಾವ್ ರಸ್ತೆಯ ವ್ಯಾಪಾರ ಪ್ರದೇಶಕ್ಕೆ ಕೆ.ಆರ್. ಆಸ್ಪತ್ರೆಯು ಸಮೀಪದಲ್ಲಿದೆ. ಆಸ್ಪತ್ರೆ, ಶಿಕ್ಷಣ ಸಂಸ್ಥೆ ಹಾಗೂ ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ನಿಯಮಗಳಲ್ಲಿ ಅವಕಾಶವಿದೆ. ಆದರೆ ಮೇಲಿನ ಉದಾಹರಣೆಯಲ್ಲಿ 32 ಮೀಟರ್ ದೂರದಲ್ಲಿ 75 ಇರುವ, ಅಂದರೆ ಮಿತಿಯೊಳಗಿನ ಶಬ್ದವೇ ತಡೆಯಿಲ್ಲದ ಬಯಲಿನಲ್ಲಿ 512 ಮೀಟರ್ ಸಾಗಿದ ಮೇಲೂ 51 ಡೆಸಿಬಲ್ ಇರುತ್ತದೆ! ಕಟ್ಟಡಗಳ ಮರೆ ಇದನ್ನು ತಗ್ಗಿಸಬಹುದು; ಇಕ್ಕಟ್ಟಾದ ಬೀದಿಯ ಗೋಡೆಗಳ ಪ್ರತಿಫಲನ ಹೆಚ್ಚಿಸಲೂಬಹುದು. ನಿಯಮ ಪಾಲಿಸಿದ ಮಾತ್ರಕ್ಕೆ ರೋಗಿಗೆ ನಿದ್ರೆ ದೊರೆಯುತ್ತದೆಂದು ಹೇಳಲಾಗದು. ಹಾರ್ನ್‌ಗಳನ್ನು ಆಸ್ಪತ್ರೆಗೆ ವಿಮುಖವಾಗಿ, ಸಭಿಕರತ್ತ ತಗ್ಗಿಸಿ ಕಟ್ಟುವುದು ಅಪೇಕ್ಷಣೀಯ.

ದೂರು ನೀಡುವವರೂ ಒಂದು ಅಂಶವನ್ನು ಗಮನಿಸತಕ್ಕದ್ದು. ಹಗಲಿನಲ್ಲಿ ಶಬ್ದವು ಪ್ರದೇಶದ ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದಾಗ ದೂರಿಗೆ ಅವಕಾಶವಿದೆ. ಈ ಹತ್ತು ಕೇಳಲು ಅಲ್ಪವೆನಿಸಿದರೂ ಶಕ್ತಿಯ ಲೆಕ್ಕದಲ್ಲಿ ಹತ್ತು ಪಟ್ಟು. ನಾಗರಿಕರ ಪಾಲಿಗೆ ಇದು ಎತ್ತರದ ಹೊಸ್ತಿಲೇ ಸರಿ. ರಾತ್ರಿಯ ನಿರ್ಬಂಧದ ಉಲ್ಲಂಘನೆಗೆ ಇಂತಹ ಅಂಕಿ ಬೇಕಿಲ್ಲ. ಉಲ್ಲಂಘನೆಯೇ ದೂರಿಗೆ ಸಾಕು. ಮೊಬೈಲ್ ಫೋನಿನ ಅಳತೆಯನ್ನು ಅಂದಾಜಿಗಷ್ಟೇ ಬಳಸಿ, ಸ್ಥಳ, ಸಮಯ ಮತ್ತು ಅವಧಿಯನ್ನು ದೂರಿನಲ್ಲಿ ಸ್ಪಷ್ಟವಾಗಿ ನಮೂದಿಸುವುದು.