ಉಕ್ಕಿಗೂ ಆಯಸ್ಸುಂಟು

ಬಾಯ್ಲರು ಸಿಡಿದಾಗಲೆಲ್ಲ ಆಡಳಿತದ ಕಡೆಯಿಂದ ಬರುವ ಮೊದಲ ಹೇಳಿಕೆ ಒಂದೇ: ಇದು ಆಕಸ್ಮಿಕ. ಎರಡನೆಯದು, ಫೈರ್‌ಮನ್ ನೀರು ನೋಡಿಕೊಳ್ಳಲಿಲ್ಲ. ಫೈರ್‌ಮನ್ ಉತ್ತರ ಕೊಡುವ ಸ್ಥಿತಿಯಲ್ಲಿ ಇರುವುದೇ ಅಪರೂಪ. ಒಲೆಯ ಬಾಯಿಗೆ ಎಲ್ಲರಿಗಿಂತ ಹತ್ತಿರ ನಿಂತವನು ಅವನೇ. ಸತ್ತವನ ತಲೆಗೆ ತಪ್ಪು ಕಟ್ಟಿ, ಅವನ ಹೆಂಡತಿಯೊಡನೆ ಪರಿಹಾರದ ಚೌಕಾಶಿಗೆ ಕೂರುವುದು ನಡೆದುಬಂದ ಪದ್ಧತಿ.

ಉಕ್ಕು ಆಕಸ್ಮಿಕವಾಗಿ ಒಡೆಯುವ ವಸ್ತುವೇ ಅಲ್ಲ. ಈ ಮಾತು ಮಿಲ್ಲಿನ ಸೈಜಿಂಗ್ ಖಾತೆಯಲ್ಲಿ, ಬಣ್ಣದ ಖಾತೆಯಲ್ಲಿ ದುಡಿಯುವವರಿಗೂ, ಸಾಲ ಮಾಡಿ ಕುಚ್ಚಲಕ್ಕಿ ಗಿರಣಿ ನಡೆಸುವ ಸಣ್ಣ ವ್ಯಾಪಾರಿಗೂ ತಿಳಿದಿರಬೇಕು. ಇದರಲ್ಲಿ ಇಂಜಿನಿಯರುಗಳ ಗುಟ್ಟೇನೂ ಇಲ್ಲ. ಕೂಡುವುದು ಗುಣಿಸುವುದು ಬಂದರೆ ಸಾಕು.

ಚದರ ಸೆಂಟಿಮೀಟರಿಗೆ 10 ಕಿಲೋ ಒತ್ತಡದ ಹಬೆ ಎಂದರೆ, ಅಂಗೈಯಗಲದ ಜಾಗದ ಮೇಲೆ, ಅಂದರೆ ಹತ್ತು ಸೆಂಟಿಮೀಟರ್ ಉದ್ದ ಹತ್ತು ಸೆಂಟಿಮೀಟರ್ ಅಗಲದ ಮೇಲೆ, ಒಂದು ಟನ್ ಭಾರ. ಐವತ್ತು ಕಿಲೋ ತೂಕದ ಇಪ್ಪತ್ತು ಅಕ್ಕಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿ ಆ ಅಂಗೈ ಮೇಲಿಟ್ಟಂತೆ. ಡ್ರಮ್ಮಿನ ಅಡ್ಡಳತೆ 2 ಮೀಟರು, ತಗಡಿನ ದಪ್ಪ 16 ಮಿಲಿಮೀಟರು ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ತಗಡಿನ ಪ್ರತಿ ಚದರ ಸೆಂಟಿಮೀಟರೂ ಸುಮಾರು 625 ಕಿಲೋ ಎಳೆತವನ್ನು ಹೊರುತ್ತದೆ. ಮೆದು ಉಕ್ಕು ಹರಿಯುವುದು ಸುಮಾರು 4,000 ಕಿಲೋ ಎಳೆತಕ್ಕೆ. ಈ ಎರಡು ಅಂಕೆಗಳ ನಡುವೆ ಆರು ಪಟ್ಟು ಅಂತರವಿದೆ. ಬಾಯ್ಲರಿನ ಮುಂದೆ ನಿಂತವನ ಪ್ರಾಣ ಇರುವುದು ಈ ಅಂತರದಲ್ಲಿ. ಬಾಯ್ಲರು ಹೊಸದಾಗಿ ಬಂದ ದಿನ ಅದು ಅವನ ಹೆಸರಿಗೆ ಜಮೆಯಾಗಿರುತ್ತದೆ. ಆಮೇಲೆ ಅವನನ್ನು ಕೇಳದೆ ಅದರಿಂದ ತೆಗೆಯುತ್ತಾ ಹೋಗುವವರು ಯಾರು ಎಂಬುದೇ ಪ್ರಶ್ನೆ.

ಮೊದಲು ತೆಗೆಯುವುದು ಸುಣ್ಣದ ಪದರ. ಕಾಗದದ ದೊನ್ನೆಯಲ್ಲಿ ನೀರು ತುಂಬಿ ಕೆಂಡದ ಮೇಲೆ ಹಿಡಿದರೆ ನೀರು ಕಾಯುತ್ತದೆ, ದೊನ್ನೆ ಸುಡುವುದಿಲ್ಲ. ಮಕ್ಕಳ ಪುಸ್ತಕದಲ್ಲೂ ಇರುವ ಪ್ರಯೋಗ. ಬಾಯ್ಲರು ಬದುಕಿರುವುದು ಹೀಗೆಯೇ. ತಗಡಿನ ಒಂದು ಕಡೆ ಸಾವಿರ ಡಿಗ್ರಿಯ ಉರಿ, ಇನ್ನೊಂದು ಕಡೆ ನೀರು. 10 ಕಿಲೋ ಒತ್ತಡದಲ್ಲಿ ಆ ನೀರಿನ ಕಾವು ಸುಮಾರು 184 ಡಿಗ್ರಿ ಮಾತ್ರ. ತಗಡು ಅದಕ್ಕಿಂತ ಸ್ವಲ್ಪವೇ ಮೇಲೆ. ಆದರೆ ನಮ್ಮ ಬಯಲುಸೀಮೆಯ ಕೊಳವೆಬಾವಿ ನೀರು ಎಂಥದೆಂದು ಬಚ್ಚಲ ಹಂಡೆಯ ತಳ ಕೆರೆದ ಹೆಂಗಸರಿಗೆ ಗೊತ್ತು. ಆ ಬಿಳಿ ಪದರ ಶಾಖವನ್ನು ಉಕ್ಕಿಗಿಂತ ಹತ್ತಾರು ಪಟ್ಟು ಕಡಿಮೆ ಸಾಗಿಸುತ್ತದೆ. ನೀರು ಇದ್ದೂ ತಗಡಿಗೆ ತಲುಪದು. ಕಾವು 400 ಡಿಗ್ರಿ ದಾಟಿದರೆ ಮೆದು ಉಕ್ಕಿನ ಬಲ ಇಳಿಯತೊಡಗುತ್ತದೆ. 600 ಡಿಗ್ರಿಯಲ್ಲಿ ಅರ್ಧವೂ ಉಳಿಯುವುದಿಲ್ಲ. ಆಗ ಅದು ಫಕ್ಕನೆ ಒಡೆಯದೆ ಸಾವಕಾಶವಾಗಿ ಹಿಗ್ಗುತ್ತದೆ, ದಿನದಿಂದ ದಿನಕ್ಕೆ, ಹೊಟ್ಟೆ ಉಬ್ಬಿಸಿಕೊಂಡು. ಉಬ್ಬಿದ ಕೊಳವೆಯನ್ನು ಕಂಡ ಫೈರ್‌ಮನ್ ಹೇಳಿದರೆ “ಈ ಸೀಸನ್ ಮುಗಿಯಲಿ” ಎಂಬ ಉತ್ತರ ಬರುತ್ತದೆ. ನೀರನ್ನು ಮೆದುಗೊಳಿಸುವ ಯಂತ್ರಕ್ಕೆ ಹಣವಿಲ್ಲ, ಸುಣ್ಣದ ಪದರದ ದೆಸೆಯಿಂದ ಹೆಚ್ಚಿಗೆ ಉರಿಯುವ ಹೊಟ್ಟು ಸೌದೆಗೆ ಮಾತ್ರ ಹಣವಿದೆ!

ಎರಡನೆಯದು ದಣಿವು. ದಿನವೂ ಬೆಂಕಿ ಹಾಕಿ ರಾತ್ರಿ ಆರಿಸುವ ಬಾಯ್ಲರು ದಿನವೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದನ್ನು ಯಾರು ಮಾಡಿಲ್ಲ? ಒಂದು ಸಲಕ್ಕೆ ಏನೂ ಆಗದ ಬಾಗು ಸಾವಿರ ಸಲಕ್ಕೆ ಬಿರುಕಾಗುತ್ತದೆ. ಹಳೆಯ ರಿವೆಟ್ ಬಾಯ್ಲರುಗಳಲ್ಲಿ ಉದ್ದ ಜೋಡಣೆಗೆ ಎರಡು ಮೂರು ಸಾಲು ರಿವೆಟ್, ಸುತ್ತು ಜೋಡಣೆಗೆ ಒಂದೇ ಸಾಲು ಇರುತ್ತಿದ್ದುದನ್ನು ಹಿರಿಯ ಕೆಲಸಗಾರರು ನೋಡಿರಬಹುದು. ಉದ್ದ ಜೋಡಣೆಯ ಮೇಲೆ ಬೀಳುವ ಎಳೆತ ಸುತ್ತು ಜೋಡಣೆಯದಕ್ಕಿಂತ ಸರಿಯಾಗಿ ಇಮ್ಮಡಿ. ಒಂದು ತಗಡಿನ ಅಂಚನ್ನು ಇನ್ನೊಂದರ ಮೇಲೆ ಹೊದಿಸಿ ರಿವೆಟ್ ಬಡಿದರೆ ಡ್ರಮ್ಮು ಪೂರ್ತಿ ದುಂಡಗಿರುವುದಿಲ್ಲ. ಒತ್ತಡ ಏರಿದಾಗಲೆಲ್ಲ ದುಂಡಗಾಗಲು ಹೆಣಗಿ ಆ ಅಂಚಿನಲ್ಲಿ ಬಾಗುತ್ತದೆ. ಬಿರುಕು ಹುಟ್ಟುವುದು ಮೇಲಿನ ತಗಡು ಮುಚ್ಚಿದ ಜಾಗದಲ್ಲಿ, ಕಣ್ಣಿಗೆ ಕಾಣದಂತೆ.

ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ಬ್ರಾಕ್‌ಟನ್ ಊರಿನ ಒಂದು ಪಾದರಕ್ಷೆ ಕಾರ್ಖಾನೆಯಲ್ಲಿ 1905ರ ಮಾರ್ಚ್ 20ರಂದು ಇಂಥದೇ ಬಿರುಕು ಬಾಯ್ಬಿಟ್ಟಿತು. ಬಾಯ್ಲರು ಚಾವಣಿ ಸೀಳಿ ಹಾರಿತು, ಕಟ್ಟಡ ಕುಸಿದು ಹೊತ್ತಿ ಉರಿಯಿತು, 58 ಜನ ಸತ್ತರು. ಆ ಬೆಳಿಗ್ಗೆ ಉರಿಯುತ್ತಿದ್ದುದು ಬದಲಿಗೆಂದು ಇಟ್ಟುಕೊಂಡಿದ್ದ ಹಳೆಯ ಬಾಯ್ಲರು. ಎರಡು ವರ್ಷದ ತರುವಾಯ ಆ ಸಂಸ್ಥಾನ ಬಾಯ್ಲರು ಕಟ್ಟುವ ನಿಯಮಗಳನ್ನು ಮಾಡಿತು. ನಮ್ಮಲ್ಲಿಯೂ ಕತೆ ಬೇರೆಯಲ್ಲ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರು ಸಿಡಿದು ಜನ ಸತ್ತ ಮೇಲೆಯೇ 1864ರ ಬಂಗಾಳದ ಕಾಯಿದೆ ಬಂದದ್ದು. ಇಡೀ ದೇಶಕ್ಕೆ ಒಂದೇ ಕಾಯಿದೆ ಎಂದು ಬರಲು 1923ರ ವರೆಗೆ ಕಾಯಬೇಕಾಯಿತು. ಪರದೇಶಿ ಸರ್ಕಾರ ಮಾಡಿದ್ದಾದರೂ ಅದು ಕೆಟ್ಟ ಕಾಯಿದೆಯಾಗಿರಲಿಲ್ಲ. ಬಾಯ್ಲರನ್ನು ಬರಿದು ಮಾಡಿ, ಆರಿಸಿ, ತೊಳೆದು, ಪರೀಕ್ಷಕನಿಗೆ ಒಳಗೂ ಹೊರಗೂ ತೋರಿಸಬೇಕೆಂದು ಮಾಲೀಕನ ಮೇಲೆ ಹೊಣೆ ಹೊರಿಸಿತ್ತು.

ಈಗ ಅದರ ಸ್ಥಾನದಲ್ಲಿ 2025ರ ಹೊಸ ಕಾಯಿದೆ ಬಂದಿದೆ. ಏಳು ಅಪರಾಧಗಳಲ್ಲಿ ಪ್ರಾಣಹಾನಿಗೆ ದಾರಿ ಮಾಡುವ ನಾಲ್ಕಕ್ಕೆ ಕ್ರಿಮಿನಲ್ ಶಿಕ್ಷೆ ಉಳಿಸಿ, ಮಿಕ್ಕ ಮೂರನ್ನು ದಂಡ ಕಟ್ಟಿ ಕೈತೊಳೆದುಕೊಳ್ಳುವಂತೆ ಮಾಡಿದ್ದಾರೆ. ಇದಕ್ಕಿಂತ ನಮಗೆ ಹೆಚ್ಚು ಆತಂಕ ತಂದಿರುವುದು 2007ರ ತಿದ್ದುಪಡಿಯಿಂದಲೇ ಶುರುವಾದ ಏರ್ಪಾಡು. ಸರ್ಕಾರದ ಇನ್ಸ್‌ಪೆಕ್ಟರರಲ್ಲದೆ ಮಾನ್ಯತೆ ಪಡೆದ ಖಾಸಗಿ ಪರಿಣತರೂ ತಪಾಸಣೆ ಮಾಡಬಹುದು. ಇನ್ಸ್‌ಪೆಕ್ಟರರೆಲ್ಲ ಸತ್ಯಹರಿಶ್ಚಂದ್ರರೆಂದು ನಾವು ಹೇಳುವುದಿಲ್ಲ; ಆಫೀಸಿನಲ್ಲೇ ಕುಳಿತು ಸಹಿ ಹಾಕುವ ವಿದ್ಯೆ ಅವರಿಗೂ ಗೊತ್ತು. ಆದರೂ ಅವರ ಸಂಬಳ ಮಾಲೀಕನ ಪೆಟ್ಟಿಗೆಯಿಂದ ಬರುವುದಿಲ್ಲ. ಫೀಜು ಕೊಡುವವನೇ ಪರೀಕ್ಷಕನನ್ನು ಆರಿಸಿಕೊಂಡರೆ, “ಈ ತಗಡು ತೆಗೆಸಿ” ಎನ್ನುವವನಿಗೆ ಮುಂದಿನ ವರ್ಷ ಯಾರು ಕರೆ ಕಳಿಸುತ್ತಾರೆ?

ಸಾರ್ವಜನಿಕ ಕ್ಷೇತ್ರವೆಂದು ಕಣ್ಣು ಮುಚ್ಚುವಂತೆಯೂ ಇಲ್ಲ. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರದಲ್ಲಿ, 2020ರ ಜುಲೈ 1ರಂದು ತಮಿಳುನಾಡಿನ ನೈವೇಲಿಯಲ್ಲಿ ಕೇಂದ್ರ ಸರ್ಕಾರದ ವಿದ್ಯುತ್ ಸ್ಥಾವರಗಳಲ್ಲೇ ದುರಂತ ನಡೆಯಿತು. ಊಂಚಾಹಾರ ಒಂದರಲ್ಲೇ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಮಡಿದವರಲ್ಲಿ ಗುತ್ತಿಗೆ ಕೆಲಸಗಾರರೇ ಬಹಳ.

ಸಣ್ಣ ಗಿರಣಿಯವರು ಹೇಳಬಹುದು: ಬ್ಯಾಂಕಿನ ಕಂತು ಕಟ್ಟುವುದೇ ಕಷ್ಟ, ಇದನ್ನೆಲ್ಲ ಎಲ್ಲಿಂದ ತರೋಣ? ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಬಾಯ್ಲರನ್ನು ಬಣ್ಣ ಬಳಿಸಿಕೊಂಡು ತರುವಾಗ ಅದರ ಹಿಂದಿನ ಮಾಲೀಕ ಮಾಡಿದ ಸಾಲವೂ ಜೊತೆಗೆ ಬರುತ್ತದೆ. ಎಷ್ಟು ಸಲ ಕಾದಿದೆ, ಎಲ್ಲಿ ಬೆಸುಗೆ ಹಾಕಿದೆ ಎಂದು ಬಣ್ಣ ಹೇಳುವುದಿಲ್ಲ. ನೋಂದಣಿ ಸಂಖ್ಯೆಯನ್ನೂ ಹಿಂದಿನ ತಪಾಸಣೆಯ ಪುಸ್ತಕವನ್ನೂ ಕೇಳಿ ನೋಡದೆ ಮುಂಗಡ ಕೊಡಬೇಡಿ. ನೀರು ಮೆದುಗೊಳಿಸುವ ಯಂತ್ರವನ್ನು ನಾಲ್ಕು ಗಿರಣಿಯವರು ಸೇರಿ ಸಹಕಾರದಲ್ಲಿ ಇಟ್ಟುಕೊಳ್ಳಬಹುದು; ಅದಕ್ಕೆ ಸರ್ಕಾರ ಸಾಲ ಕೊಡಲಿ.

ಒತ್ತಡದ ಪರೀಕ್ಷೆಯನ್ನು ತಣ್ಣೀರು ತುಂಬಿಯೇ ಮಾಡಬೇಕು, ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಏರಿಸಿ. ತಣ್ಣೀರಿನಲ್ಲಿ ಒಡೆದರೆ ನೀರು ಸೋರುತ್ತದೆ, ಅಷ್ಟೆ. ಹಬೆಯಲ್ಲಿ ಒಡೆದರೆ ಒಳಗಿನ ಕುದಿನೀರಿನ ಒಂದು ಪಾಲು ಆ ಕ್ಷಣದಲ್ಲೇ ಹಬೆಯಾಗಿ, ತನ್ನ ಗಾತ್ರದ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಈ ಪರೀಕ್ಷೆಯ ದಿನ ಕಾರ್ಮಿಕರ ಪ್ರತಿನಿಧಿಯೊಬ್ಬ ಅಲ್ಲಿ ನಿಂತಿರಬೇಕು, ವರದಿಯನ್ನು ಕನ್ನಡದಲ್ಲಿ ಬರೆದು ಬಾಯ್ಲರು ಮನೆಯ ಬಾಗಿಲಿಗೆ ಅಂಟಿಸಬೇಕು ಎಂಬುದು ನಮ್ಮ ಬೇಡಿಕೆ. ಪರೀಕ್ಷಕ ಬಂದು ಹೋದ ದಿನ ಯಾರೂ ಡ್ರಮ್ಮಿನೊಳಗೆ ಇಳಿಯಲಿಲ್ಲವೆಂದು ನಿಮಗೆ ಕಂಡುಬಂದರೆ ತಾರೀಖು ಸಹಿತ ಬರೆದು ಸಂಘದ ಕಚೇರಿಗೆ ತಲುಪಿಸಿ.