ನೋವನ್ನು ಹೇಳಿಕೊಳ್ಳುವುದೂ ಕರ್ತವ್ಯವೇ



ಪೀಣ್ಯದ ಕಾರ್ಖಾನೆಗಳ ಗೇಟುಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಎತ್ತರದ ಕಟ್ಟಡಗಳ ಬಾಗಿಲುಗಳಲ್ಲಿ ನೆಟ್ಟಗೆ ನಿಂತು ಸಲಾಮು ಮಾಡುವ ಕಾವಲುಗಾರರನ್ನು ನಾವು ದಿನವೂ ಕಾಣುತ್ತೇವೆ. ಅವರಲ್ಲಿ ಹಲವರು ಹದಿನೈದು, ಇಪ್ಪತ್ತು ವರ್ಷ ಗಡಿಯಲ್ಲಿ ದುಡಿದು ಬಂದ ಮಾಜಿ ಸೈನಿಕರು. ಆ ನೆಟ್ಟನೆಯ ನಿಲುವಿನ ಹಿಂದೆ ಎಷ್ಟು ನೋವು ಅಡಗಿದೆಯೆಂದು ಕೇಳುವವರು ಕಡಿಮೆ. ಕೇಳಿದರೂ ಹೇಳುವವರು ಇನ್ನೂ ಕಡಿಮೆ.

ನಮ್ಮ ದಾಸರಹಳ್ಳಿಯ ಬೀದಿಯಲ್ಲಿ ಅಂಥವರೊಬ್ಬರು ಇದ್ದಾರೆ. ತಿಪಟೂರು ಕಡೆಯವರು. ಫಿರಂಗಿ ದಳದಲ್ಲಿ ಹವಾಲ್ದಾರರಾಗಿ 2012ರಲ್ಲಿ ಮನೆಗೆ ಬಂದರು. ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕಾವಲು. ಬೆಟ್ಟದ ದಾರಿಯಲ್ಲಿ ಸೇನೆಯ ವಾಹನ ಮಗುಚಿದಾಗ ಅವರ ಬಲ ಮಂಡಿಗೆ ಪೆಟ್ಟು ಬಿದ್ದಿತ್ತು, ಶಸ್ತ್ರಚಿಕಿತ್ಸೆಯೂ ಆಗಿತ್ತು. ಈಗ ಮೂರು ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕು. ಹೋದ ತಿಂಗಳು ಅವರ ಮನೆಯಾಕೆ ಒಂದು ತಗಡಿನ ಪೆಟ್ಟಿಗೆ ಹೊತ್ತು ತಂದು, "ಮೇಷ್ಟ್ರೇ, ಈ ಕಾಗದಗಳನ್ನ ಒಂದಿಷ್ಟು ನೋಡಿಕೊಡಿ. ನನ್ನ ತಮ್ಮನೂ ಮಿಲಿಟರಿಯಲ್ಲೇ ಇದ್ದಾನೆ, ಬರುವ ತಿಂಗಳು ಅವನಿಗೂ ಬೋರ್ಡ್ ಇದೆಯಂತೆ. ಇವರಿಗೆ ಆದಂತೆ ಅವನಿಗೆ ಆಗಬಾರದು" ಎಂದರು.

ಅವರಿಗೆ ಆದದ್ದೇನು? ನಿವೃತ್ತಿಯ ಮುನ್ನ ವೈದ್ಯಾಧಿಕಾರಿಗಳು "ಮಂಡಿ ಹೇಗಿದೆ?" ಎಂದು ಕೇಳಿದಾಗ ನಮ್ಮ ಹವಾಲ್ದಾರರು ಎದೆಯುಬ್ಬಿಸಿ "ಚೆನ್ನಾಗಿದೆ ಸಾಹೇಬರೇ" ಎಂದುಬಿಟ್ಟರು. ಊರಿಗೆ ಹೋಗುವ ಆತುರ. ನೋವೆಂದರೆ ಸೈನಿಕನ ಮರ್ಯಾದೆಗೆ ಕುಂದೆಂಬ ಭಾವನೆ ಬೇರೆ. ಮಂಡಳಿ ಅವರ ವೈಕಲ್ಯವನ್ನು ಶೇ. 20ಕ್ಕಿಂತ ಕಡಿಮೆ ಎಂದು ಬರೆಯಿತು. ಓದದೆಯೇ ಸಹಿ ಹಾಕಿದರು. ಆ ಒಂದು ಮಾತಿನ ಬೆಲೆಯನ್ನು ಆ ಸಂಸಾರ ಇಂದಿಗೂ ತೆರುತ್ತಿದೆ.

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಸೇನೆಯಲ್ಲಿದ್ದಾರೆ. ಆದುದರಿಂದ ಈ ವೈದ್ಯಕೀಯ ಮಂಡಳಿಯ ಕ್ರಮವನ್ನು ಮನೆಯವರೆಲ್ಲ ತಿಳಿದಿರುವುದು ಒಳಿತು.

ಸೇನೆಯಲ್ಲಿ ಪ್ರತಿಯೊಬ್ಬನ ಆರೋಗ್ಯವನ್ನು 'ಷೇಪ್' ಎಂಬ ಐದಕ್ಷರದ ಸಂಕೇತದಿಂದ ಅಳೆಯುತ್ತಾರೆ. 'ಎಸ್' ಎಂದರೆ ಮನಸ್ಸಿನ ಸ್ಥಿತಿ, 'ಎಚ್' ಎಂದರೆ ಶ್ರವಣ, 'ಎ' ಎಂದರೆ ಕೈಕಾಲುಗಳು, 'ಪಿ' ಎಂದರೆ ದೇಹದ ಒಟ್ಟು ಶಕ್ತಿ, 'ಇ' ಎಂದರೆ ಕಣ್ಣಿನ ದೃಷ್ಟಿ. ಐದರಲ್ಲೂ ಒಂದನೆಯ ದರ್ಜೆಯಿದ್ದವನು ಪೂರ್ಣ ಆರೋಗ್ಯವಂತ. ಯಾವುದಾದರೊಂದರಲ್ಲಿ ದರ್ಜೆ ಇಳಿದರೆ ಆತ 'ಕೆಳ ವೈದ್ಯಕೀಯ ವರ್ಗ'ಕ್ಕೆ ಸೇರುತ್ತಾನೆ. ಸೇವಾವಧಿ ಮುಗಿಯುವ ಮುನ್ನವೇ ಅನಾರೋಗ್ಯದಿಂದ ಹೊರಬರಬೇಕಾದವನಿಗೆ 'ಇನ್‌ವ್ಯಾಲಿಡಿಂಗ್ ಬೋರ್ಡ್' ನಡೆಯುತ್ತದೆ. ಅವಧಿ ಮುಗಿಸಿ, ಕೆಳ ವರ್ಗದಲ್ಲಿದ್ದುಕೊಂಡು ನಿವೃತ್ತನಾಗುವವನಿಗೆ 'ರಿಲೀಸ್ ಬೋರ್ಡ್' ನಡೆಯುತ್ತದೆ.

ಬೋರ್ಡಿನ ನಮೂನೆಯಲ್ಲಿ ಮೊದಲು ಬರುವುದು ಸೈನಿಕನ ಸ್ವಂತ ಹೇಳಿಕೆ. ಎಲ್ಲೆಲ್ಲಿ ಸೇವೆ ಸಲ್ಲಿಸಿದೆ, ತೊಂದರೆ ಯಾವಾಗ ಆರಂಭವಾಯಿತು, ಸೇರುವ ಮುನ್ನ ಆ ಕಾಯಿಲೆ ಇತ್ತೇ ಎಂಬ ಪ್ರಶ್ನೆಗಳಿಗೆ ಅವನೇ ಉತ್ತರಿಸಬೇಕು. ಅನಂತರ ತಜ್ಞರ ಅಭಿಪ್ರಾಯ, ಮಂಡಳಿಯ ತೀರ್ಮಾನ. ಆ ತೀರ್ಮಾನ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಈ ತೊಂದರೆ ಸೇನಾ ಸೇವೆಯಿಂದ ಉಂಟಾಯಿತೇ, ಅಥವಾ ಸೇವೆಯಿಂದ ಉಲ್ಬಣಿಸಿತೇ ಎಂಬುದು ಮೊದಲನೆಯದು. ವೈಕಲ್ಯ ಶೇಕಡಾ ಎಷ್ಟು ಎಂಬುದು ಎರಡನೆಯದು. ಸೇವೆಗೆ ಸಂಬಂಧವಿದೆ ಎಂಬ ಉತ್ತರವೂ ಬರಬೇಕು, ವೈಕಲ್ಯ ಶೇ. 20 ಅಥವಾ ಹೆಚ್ಚೂ ಇರಬೇಕು. 1961ರ ಸೇನಾ ಪಿಂಚಣಿ ನಿಯಮಾವಳಿಯಲ್ಲಿ ವೈಕಲ್ಯ ಪಿಂಚಣಿಗೆ ವಿಧಿಸಿದ ಷರತ್ತು ಇದೇ.

ಈ ಶೇಕಡಾವಾರಿನ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 2006ರ ಜನವರಿ 1ರಿಂದ ಬಂದ ಕ್ರಮದಂತೆ, ಪೂರ್ಣ ವೈಕಲ್ಯಕ್ಕೆ ಕೊನೆಯ ವೇತನದ ಶೇ. 30ರಷ್ಟು ವೈಕಲ್ಯಾಂಶ ಸಲ್ಲುತ್ತದೆ. ಗಣನೆಗೆ ಬರುವ ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ಪೂರ್ಣ ವೈಕಲ್ಯಕ್ಕೆ ತಿಂಗಳಿಗೆ 12,000 ರೂಪಾಯಿ, ಶೇ. 20ಕ್ಕೆ 2,400. ಆದರೆ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೆ ಮೇಲ್ಪಟ್ಟದ್ದನ್ನು 100 ಎಂದೂ ಎಣಿಸುವ ಪದ್ಧತಿಯಿದೆ. ಹಾಗೆ ಎಣಿಸಿದಾಗ ಆ 2,400 ರೂಪಾಯಿ 6,000 ಆಗುತ್ತದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಈ ಎಣಿಕೆ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಅವರ ಪ್ರಕರಣದಲ್ಲಿ ಎತ್ತಿಹಿಡಿಯಿತು. ಶೇ. 19ಕ್ಕೂ 20ಕ್ಕೂ ನಡುವೆ ಇರುವುದು ಕಾಗದದ ಮೇಲೆ ಒಂದೇ ಅಂಕಿ. ಸಂಸಾರದ ಪಾಲಿಗೆ ಅದು ಮಕ್ಕಳ ಶಾಲೆಯ ಶುಲ್ಕ, ಮನೆಯ ಬಾಡಿಗೆ.

ಸೇವೆಗೆ ಸಂಬಂಧವಿದೆಯೇ ಎಂಬ ಪ್ರಶ್ನೆಯ ಮೇಲೂ ನ್ಯಾಯಾಲಯಗಳು ಬೆಳಕು ಚೆಲ್ಲಿವೆ. ಧರಮ್‌ವೀರ್ ಸಿಂಗ್ ಎಂಬವರು 1985ರಲ್ಲಿ ಸಿಗ್ನಲ್ಸ್ ದಳ ಸೇರಿದರು. ಅಪಸ್ಮಾರದಂತಹ ಸೆಳೆತದ ಕಾಯಿಲೆಯಿಂದಾಗಿ 1994ರಲ್ಲಿ ಅವರನ್ನು ಹೊರಕಳಿಸಲಾಯಿತು. ವೈಕಲ್ಯ ಶೇ. 20 ಎಂದಾಯಿತು, ಆದರೆ ಸೇವೆಗೆ ಸಂಬಂಧವಿಲ್ಲವೆಂದು ಪಿಂಚಣಿ ನಿರಾಕರಿಸಲಾಯಿತು. 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಆತ ಆಗ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಸಂಬಂಧವನ್ನು ರುಜುವಾತುಪಡಿಸುವ ಹೊರೆ ಸೈನಿಕನದಲ್ಲ. ಸಂಬಂಧವಿಲ್ಲವೆನ್ನುವ ಮಂಡಳಿ ಕಾರಣವನ್ನು ಬರೆಯಬೇಕು ಎಂಬುದು ಆ ತೀರ್ಪಿನ ಸಾರ. ಅದಕ್ಕೂ ಹಿಂದೆ 1993ರಲ್ಲಿ, ಸ್ಯಾಪರ್ ಮೊಹಿಂದರ್ ಸಿಂಗ್ ಅವರ ಪ್ರಕರಣದಲ್ಲಿ, ಸೈನಿಕನನ್ನು ಮತ್ತೆ ಪರೀಕ್ಷಿಸದೆ ಮಂಡಳಿಯ ಅಭಿಪ್ರಾಯವನ್ನು ಪಿಂಚಣಿ ಕಚೇರಿಯವರು ತಾವಾಗಿ ಬದಲಿಸುವಂತಿಲ್ಲವೆಂದು ಅದೇ ನ್ಯಾಯಾಲಯ ಹೇಳಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಧರಮ್‌ವೀರ್ ಸಿಂಗ್ ತೀರ್ಪು 1982ರ ಅರ್ಹತಾ ನಿಯಮಗಳ ಕಾಲದ್ದು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. 'ಇಂಪೇರ್‌ಮೆಂಟ್ ರಿಲೀಫ್' ಎಂಬ ಹೊಸ ಬಗೆಯ ಪರಿಹಾರವೂ ಅವುಗಳಲ್ಲಿ ಸೇರಿದೆ. ಆದ್ದರಿಂದ ಈಗ ನಿವೃತ್ತರಾಗುವವರು ಹಳಬರ ಲೆಕ್ಕವನ್ನೇ ನಂಬಿ ಕೂರಬಾರದು. ತಮಗೆ ಯಾವ ನಿಯಮ ಅನ್ವಯಿಸುತ್ತದೆಂದು ತಮ್ಮ ದಳದ ದಾಖಲೆ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ನಿಯಮ ಯಾವುದೇ ಇರಲಿ, ಕಾಗದವಿಲ್ಲದೆ ಯಾವ ಮಾತೂ ನಿಲ್ಲದು.

ಆ ತಗಡಿನ ಪೆಟ್ಟಿಗೆಯನ್ನು ಬಿಡಿಸಿದಾಗ ಈ ಮಾತು ನನಗೆ ಮನವರಿಕೆಯಾಯಿತು. ಮದುವೆಯ ಲಗ್ನಪತ್ರಿಕೆ, ಮಕ್ಕಳ ಅಂಕಪಟ್ಟಿಗಳ ಅಡಿಯಲ್ಲಿ, ಮಡಿಕೆಯಲ್ಲಿ ಹರಿದಿದ್ದ ಒಂದು ಹಾಳೆ ದೊರೆಯಿತು. ಅಪಘಾತವಾದ ದಿನ ತುಕಡಿಯ ಅಧಿಕಾರಿ ಬರೆದ ಗಾಯದ ವರದಿ ಅದು. ಕರ್ತವ್ಯದ ಮೇಲಿದ್ದಾಗಲೇ ಪೆಟ್ಟಾಯಿತೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. "ಒಲೆಗೆ ಹಾಕಲಿಕ್ಕೆ ಎರಡು ಸಲ ತೆಗೆದಿದ್ದೆ ಮೇಷ್ಟ್ರೇ, ಮಿಲಿಟರಿ ಮೊಹರು ನೋಡಿ ಮತ್ತೆ ಇಟ್ಟೆ" ಎಂದರು ಆ ತಾಯಿ. ಅವರ ಆ ಎಚ್ಚರವೇ ಇಂದು ಅವರ ಅರ್ಜಿಗೆ ಆಧಾರವಾಗಿದೆ.

ಆದುದರಿಂದ ಸೈನಿಕರ ಮನೆಯವರಲ್ಲಿ ನನ್ನ ಬಿನ್ನಹ ಇಷ್ಟು. ಗಾಯದ ವರದಿ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿ, ದರ್ಜೆ ಇಳಿಸಿದ ಆದೇಶ, ಇವುಗಳ ಪ್ರತಿಗಳನ್ನು ಒಂದೆಡೆ ಜೋಪಾನವಾಗಿಡಿ. ಬೋರ್ಡಿನ ದಿನ ಇರುವುದನ್ನು ಇದ್ದಂತೆ ಹೇಳಲು ಅವರಿಗೆ ಧೈರ್ಯ ಕೊಡಿ. ಎಷ್ಟು ದೂರ ನಡೆಯಬಲ್ಲರು, ರಾತ್ರಿ ನಿದ್ರೆ ಬರುತ್ತದೆಯೇ, ಏನನ್ನು ಎತ್ತಲಾಗದು ಎಂಬುದನ್ನು ಮೊದಲೇ ಬರೆದುಕೊಂಡು ಹೋಗಲಿ. ಸಹಿ ಹಾಕುವ ಮುನ್ನ ಓದಲಿ, ನಡಾವಳಿಯ ಪ್ರತಿಯನ್ನು ಕೇಳಿ ಪಡೆಯಲಿ. ತೀರ್ಮಾನ ಒಪ್ಪಿಗೆಯಾಗದಿದ್ದರೆ ನಿರಾಕರಣೆಯ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅನಂತರ ಎರಡನೆಯದು, ಕೊನೆಗೆ 2007ರ ಕಾಯಿದೆಯಿಂದ ರಚಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇವೆ. ಕರ್ನಾಟಕದ ಪ್ರಕರಣಗಳು ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತವೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅರ್ಜಿ ಬರೆಯಲು ನೆರವು ದೊರೆಯುತ್ತದೆ. ದಲ್ಲಾಳಿಗಳ ಕೈಗೆ ಹಣ ಕೊಡಬೇಕಾಗಿಲ್ಲ.

ಮನಸ್ಸಿನ ತೊಂದರೆಯ ವಿಷಯದಲ್ಲಂತೂ ಮನೆಯವರ ಹೊಣೆ ಇನ್ನೂ ದೊಡ್ಡದು. ರಾತ್ರಿ ಬೆಚ್ಚಿ ಏಳುವುದು, ಸಣ್ಣ ಸದ್ದಿಗೂ ನಡುಗುವುದು, ಇಂಥವನ್ನು ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ ಮನೆಗಳಿವೆ. ಸೇನೆಯೇ ತನ್ನ ಐದಕ್ಷರಗಳಲ್ಲಿ ಮೊದಲನೆಯದನ್ನು ಮನಸ್ಸಿಗೆ ಮೀಸಲಿಟ್ಟಿರುವಾಗ ನಾವು ಅದನ್ನು ಕಳಂಕವೆಂದು ಬಗೆಯುವುದು ತರವೇ?

ಇಲ್ಲದ ನೋವನ್ನು ಹೇಳಿ ಹಣ ಪಡೆಯುವುದು ನಿಜವಾದ ಗಾಯಾಳುವಿನ ತಟ್ಟೆಯಿಂದ ಅನ್ನ ಕಸಿದಂತೆ. ಇರುವ ನೋವನ್ನು ಮರೆಮಾಚುವುದು ತನ್ನ ಮಕ್ಕಳ ತಟ್ಟೆಯಿಂದ ಕಸಿದಂತೆ. ಎರಡೂ ಸತ್ಯಕ್ಕೆ ದೂರ. ಪ್ರಾಮಾಣಿಕವಾಗಿ ಕಾಯಕ ಮಾಡಿದವನು ಅದರಲ್ಲಿ ಸವೆದ ದೇಹದ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಿಸುವುದು ಭಿಕ್ಷೆಯಲ್ಲ.

ಹೋದ ಭಾನುವಾರ ಆ ಬಾಮೈದ ರಜೆಯ ಮೇಲೆ ಬಂದಿದ್ದ. ಎತ್ತರದ ಪ್ರದೇಶದ ಸೇವೆಯಲ್ಲಿ ಅವನ ಬೆನ್ನುಮೂಳೆಗೆ ತೊಂದರೆಯಾಗಿದೆ. "ಪರವಾಗಿಲ್ಲ ಭಾವ, ತಡೆದುಕೊಳ್ಳಬಹುದು" ಎಂದ. ಯಾವತ್ತೂ ಹೆಚ್ಚು ಮಾತನಾಡದ ಹವಾಲ್ದಾರರು ಅಂದು ತಮ್ಮ ಪ್ಯಾಂಟಿನ ಕಾಲನ್ನು ಮೇಲೆತ್ತಿ ಊದಿದ ಮಂಡಿಯನ್ನು ತೋರಿಸಿದರು. "ತಡೆದುಕೊಂಡವನ ಮಂಡಿ ನೋಡಪ್ಪ ಇದು. ಅಲ್ಲಿ ಕೇಳಿದಾಗ ನಿಜ ಹೇಳು" ಎಂದರು. ಅವರ ಮನೆಯಾಕೆ ಮಾತನಾಡದೆ ಒಂದು ಹೊಸ ಕಡತವನ್ನು ತಂದು ತಮ್ಮನ ಮುಂದಿಟ್ಟರು.

ಹವಾಲ್ದಾರರ ಮನವಿ ಕಳುಹಿಸಿದ್ದಾಗಿದೆ. ತಡವಾದ ಮನವಿ, ಉತ್ತರ ಇನ್ನೂ ಬಂದಿಲ್ಲ. ಅಂದು ಸಂಜೆ ಆರಕ್ಕೆ ಅವರು ಎಂದಿನಂತೆ ಪಾಳಿಗೆ ಹೊರಟರು. ಬಾಮೈದ ಬಸ್ ನಿಲ್ದಾಣದವರೆಗೆ ಅವರ ಜೊತೆಯಲ್ಲಿ, ಅವರಷ್ಟೇ ನಿಧಾನವಾಗಿ ನಡೆದುಹೋದ.