ಕೊಟ್ಟ ಮಾತು ದೆವ್ವವಾಗಿ ಬಂದಾಗ

ಮದುವೆಯ ಮನೆ. ಬೀಗರು ಬಂದಿದ್ದಾರೆ, ವಾದ್ಯ ನುಡಿಯುತ್ತಿದೆ. ವರ ಹತ್ತಿರ ಬರುತ್ತಿದ್ದಂತೆಯೇ ವಧು ಅವನನ್ನು ದೂರ ತಳ್ಳಿ, ನೀನು ನನ್ನ ಗಂಡನಲ್ಲ ಎಂದು ಕೂಗುತ್ತಾಳೆ. ಮಾತನಾಡುತ್ತಿರುವುದು ಅವಳಲ್ಲ. ಅವಳನ್ನು ಪ್ರೀತಿಸಿ, ಪಡೆಯಲಾಗದೆ ಸತ್ತ ಬಡ ವಿದ್ಯಾರ್ಥಿಯೊಬ್ಬ ಅವಳ ಮೈಮೇಲೆ ಬಂದಿದ್ದಾನೆ.

ಇದು 1937ರಲ್ಲಿ ಪೋಲೆಂಡಿನಲ್ಲಿ ತಯಾರಾದ ‘ದಿಬುಕ್’ ಚಿತ್ರದ ದೃಶ್ಯ. ಭಾಷೆ ಯಿಡ್ಡಿಷ್, ಪೂರ್ವ ಯೂರೋಪಿನ ಯಹೂದಿಗಳ ಮನೆಮಾತು. ನಿರ್ದೇಶಕ ಮಿಹಾವ್ ವಾಶಿನ್‌ಸ್ಕಿ. ಹೀಬ್ರೂ ಮೂಲದ ‘ದಿಬುಕ್’ ಎಂಬ ಮಾತಿಗೆ ಅಂಟಿಕೊಂಡದ್ದು ಎಂದು ಅರ್ಥ. ಯಹೂದಿ ಜನಪದ ನಂಬಿಕೆಯಂತೆ, ನೆಮ್ಮದಿ ಕಾಣದ ಸತ್ತವರ ಆತ್ಮ ಬದುಕಿರುವವರ ಶರೀರ ಹೊಕ್ಕು ಅಲ್ಲಿಯೇ ನೆಲೆಸುತ್ತದೆ.

ದೆವ್ವದ ಚಿತ್ರವೆಂದರೆ ರಕ್ತ, ಕಿರುಚಾಟ ಎಂದುಕೊಂಡವರಿಗೆ ಈ ಕಪ್ಪುಬಿಳುಪು ಚಿತ್ರ ನಿರಾಸೆ ಮಾಡೀತು. ಇಲ್ಲಿ ಭಯ ಹುಟ್ಟಿಸುವುದು ದೆವ್ವವಲ್ಲ, ಅದು ಬಂದ ಕಾರಣ.

ಸೆಂಡರ್ ಮತ್ತು ನಿಸ್ಸನ್ ಪ್ರಾಣಸ್ನೇಹಿತರು. ಇಬ್ಬರ ಹೆಂಡತಿಯರೂ ಬಸುರಿಯರು. ಒಬ್ಬರಿಗೆ ಗಂಡು, ಇನ್ನೊಬ್ಬರಿಗೆ ಹೆಣ್ಣು ಹುಟ್ಟಿದರೆ ಮದುವೆ ಮಾಡಿಸೋಣ ಎಂದು ಗೆಳೆಯರು ಮಾತು ಕೊಟ್ಟುಕೊಳ್ಳುತ್ತಾರೆ. ಇನ್ನೂ ಹುಟ್ಟದವರ ಬದುಕನ್ನು ಹೀಗೆ ಒತ್ತೆ ಇಡಬಾರದು ಎಂದು ಅಪರಿಚಿತ ಪಯಣಿಗನೊಬ್ಬ ಎಚ್ಚರಿಸಿದರೂ ಕಿವಿಗೊಡುವವರಿಲ್ಲ. ಸ್ವಲ್ಪ ದಿನಗಳಲ್ಲೇ ನಿಸ್ಸನ್ ನೀರು ಪಾಲಾಗುತ್ತಾನೆ. ಸೆಂಡರನ ಹೆಂಡತಿ ಮಗಳನ್ನು ಹೆತ್ತು ಸಾಯುತ್ತಾಳೆ.

ವರ್ಷಗಳು ಕಳೆದು ಸೆಂಡರ್ ಶ್ರೀಮಂತನಾಗುತ್ತಾನೆ. ಊರಿನ ಧರ್ಮಪಾಠಶಾಲೆಗೆ ಓದಲು ಬಂದ ಖೋನೆನ್ ಎಂಬ ಬಡ ಹುಡುಗ, ವಾರಾನ್ನದ ವಿದ್ಯಾರ್ಥಿಯಂತೆ, ಅವನ ಮನೆಯಲ್ಲಿ ಊಟ ಮಾಡುತ್ತಾನೆ. ಅವನಿಗೂ ಸೆಂಡರನ ಮಗಳು ಲೇಯಾಳಿಗೂ ಮನಸ್ಸು ಕೂಡುತ್ತದೆ. ಹುಡುಗ ಬೇರಾರೂ ಅಲ್ಲ, ನಿಸ್ಸನ್‌ನ ಮಗ. ಆದರೆ ಯಾರ ಮಗನೆಂದು ಸೆಂಡರ್ ಸಕಾಲದಲ್ಲಿ ಕೇಳಿ ತಿಳಿಯಲಿಲ್ಲ. ಹಣದ ಚೌಕಾಶಿ ಮಾಡಿ ಉಳ್ಳವರ ಮನೆಯ ಹುಡುಗನನ್ನು ಮಗಳಿಗೆ ಗೊತ್ತುಮಾಡುತ್ತಾನೆ.

ತಪ್ಪು ಹಿರಿಯರದೊಂದೇ ಅಲ್ಲ. ಜಾಣ ವಿದ್ಯಾರ್ಥಿಯಾದ ಖೋನೆನ್ ಪಾಠದ ಗ್ರಂಥಗಳನ್ನು ಬದಿಗಿಟ್ಟು ಕಬ್ಬಾಲಾ ಎಂಬ ಗೂಢವಿದ್ಯೆಯಲ್ಲಿ ಮುಳುಗುತ್ತಾನೆ. ಕೊನೆಗೆ ಸೈತಾನನ ನೆರವನ್ನೇ ಬೇಡಿ, ಪ್ರಾಣ ಕಳೆದುಕೊಳ್ಳುತ್ತಾನೆ. ಮನಸ್ಸಿನ ಮಾತನ್ನು ಹಿರಿಯರ ಮುಂದೆ ಆಡಲಾಗದ ಹುಡುಗ ಅಡ್ಡದಾರಿ ಹಿಡಿದದ್ದು ಹೀಗೆ.

ಚಿತ್ರದ ಅತ್ಯಂತ ಗಂಭೀರ ಭಾಗ ಮುಂದಿದೆ. ಲೇಯಾಳನ್ನು ಧರ್ಮಗುರುವಾದ ರಬ್ಬಿಯ ಬಳಿಗೆ ಕರೆತರುತ್ತಾರೆ. ಆತ ಆಜ್ಞೆ ಮಾಡಿದರೂ ದೆವ್ವ ಜಗ್ಗುವುದಿಲ್ಲ. ಆಗ ವಿಚಾರಣೆ ನಡೆಯುತ್ತದೆ. ಫಿರ್ಯಾದಿ ಸತ್ತುಹೋದ ನಿಸ್ಸನ್, ಪ್ರತಿವಾದಿ ಬದುಕಿರುವ ಸೆಂಡರ್. ದೆವ್ವವನ್ನು ಓಡಿಸುವುದಕ್ಕೆ ಮೊದಲು ಅದರ ದೂರನ್ನು ಕೇಳಬೇಕು ಎಂಬ ಈ ನ್ಯಾಯಬುದ್ಧಿ ದೆವ್ವದ ಚಿತ್ರಗಳಲ್ಲಿ ಅಪರೂಪ. ಸೆಂಡರ್ ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಹಂಚಬೇಕು, ಸತ್ತ ತಂದೆ ಮಗನಿಗಾಗಿ ಪ್ರಾರ್ಥಿಸಬೇಕು ಎಂದು ತೀರ್ಪಾಗುತ್ತದೆ. ಆದರೆ ಹಣದಿಂದ ತೀರುವ ಸಾಲವೇ ಅದು? ಮಂತ್ರಬಲದಿಂದ ಖೋನೆನ್ ದೂರವಾದರೂ ಲೇಯಾ ಉಳಿಯುವುದಿಲ್ಲ. ಪ್ರಾಣ ಬಿಟ್ಟು ಅವನನ್ನೇ ಸೇರುತ್ತಾಳೆ.

ಈ ಕಥೆಯ ಹಿಂದೆ ಒಬ್ಬ ಸಂಗ್ರಾಹಕನ ಶ್ರಮವಿದೆ. ಆನ್‌ಸ್ಕಿ ಎಂಬ ಕಾವ್ಯನಾಮದ ಲೇಖಕ 1912ರಿಂದ 1914ರವರೆಗೆ ತಂಡ ಕಟ್ಟಿಕೊಂಡು, ಅಂದಿನ ರಷ್ಯಾ ಸಾಮ್ರಾಜ್ಯದ ಯಹೂದಿ ಊರುಗಳನ್ನು ಸುತ್ತಿ ಹಾಡು, ಕಥೆ, ನಂಬಿಕೆಗಳನ್ನು ಕಲೆಹಾಕಿದ. ಹುಟ್ಟಿನಿಂದ ಸಾವಿನ ಆಚೆಗಿನವರೆಗೆ 2,087 ಪ್ರಶ್ನೆಗಳ ಪಟ್ಟಿಯೇ ತಯಾರಾಗಿತ್ತು. ಮಹಾಯುದ್ಧ ಆರಂಭವಾಗಿ ಕೆಲಸ ನಿಂತಿತು. ಆ ಸಾಮಗ್ರಿಯಿಂದ ಹುಟ್ಟಿದ ನಾಟಕವೇ ‘ದಿಬುಕ್’. ಆನ್‌ಸ್ಕಿ ತೀರಿಕೊಂಡದ್ದು 1920ರ ನವೆಂಬರಿನಲ್ಲಿ. ಯಿಡ್ಡಿಷ್ ನಾಟಕ ವಾರ್ಸಾದಲ್ಲಿ ರಂಗಕ್ಕೇರಿದ್ದು ಡಿಸೆಂಬರಿನಲ್ಲಿ. ಅದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ.

ಆದ್ದರಿಂದಲೇ ಚಿತ್ರದ ತುಂಬ ಆಚರಣೆಗಳಿವೆ. ತಾಯಿಯಿಲ್ಲದ ಲೇಯಾ ಮದುವೆಗೆ ಮುನ್ನ ಸ್ಮಶಾನಕ್ಕೆ ಹೋಗಿ ಸತ್ತ ತಾಯಿಯನ್ನು ಮದುವೆಗೆ ಕರೆಯುತ್ತಾಳೆ. ಮದುವೆಯ ದಿನ ಊರಿನ ಭಿಕ್ಷುಕರ ಜೊತೆ ವಧು ಕುಣಿಯಬೇಕು. ಆ ಕುಣಿತದ ನಡುವೆ ತಲೆಬುರುಡೆಯ ಮುಖವಾಡ ತೊಟ್ಟು, ಪ್ರಾರ್ಥನೆಯ ಶಾಲು ಹೊದ್ದು ಮೃತ್ಯುವೇ ಅವಳ ಜೊತೆಗಾರನಾಗಿ ಬರುವ ದೃಶ್ಯವನ್ನು ಕಂಡವರು ಮರೆಯಲಾರರು. ಆ ನೃತ್ಯವನ್ನು ಸಂಯೋಜಿಸಿ, ಮೃತ್ಯುವಾಗಿ ಕುಣಿದವಳು ಜೂಡಿತ್ ಬರ್ಗ್.

ಚಿತ್ರ ಬಂದ ಎರಡೇ ವರ್ಷಕ್ಕೆ, 1939ರ ಸೆಪ್ಟೆಂಬರ್ 1ರಂದು, ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿತು. ಅಲ್ಲಿದ್ದ ಸುಮಾರು 33 ಲಕ್ಷ ಯಹೂದಿಗಳಲ್ಲಿ 30 ಲಕ್ಷದಷ್ಟು ಮಂದಿ ಯುದ್ಧ ಮುಗಿಯುವುದರೊಳಗೆ ಹತರಾದರು. ಖೋನೆನ್ ಮತ್ತು ಲೇಯಾ ಪಾತ್ರ ವಹಿಸಿದ ಲಿಯೋನ್ ಲೀಬ್‌ಗೋಲ್ಡ್, ಲಿಲಿ ಲಿಲಿಯಾನಾ ದಂಪತಿಗಳು ಅಮೆರಿಕ ಸೇರಿ ಬದುಕಿಕೊಂಡರು. ಪ್ರಾರ್ಥನಾ ಮಂದಿರದ ದೃಶ್ಯದಲ್ಲಿ ಹಾಡಿದ ಪ್ರಸಿದ್ಧ ಗಾಯಕ ಗೆರ್ಶೋನ್ ಸಿರೋಟಾ 1943ರಲ್ಲಿ ವಾರ್ಸಾದ ಯಹೂದಿ ಕೇರಿಯಲ್ಲಿ ಮಡಿದ. ದೆವ್ವದ ಕಥೆಯೆಂದು ತೆಗೆದ ಚಿತ್ರ, ಅಳಿದುಹೋದ ಸಮಾಜವೊಂದರ ಹಾಡು, ಉಡುಪು, ಮಾತುಗಳ ದಾಖಲೆಯಾಗಿ ಉಳಿಯಿತು.

ಇಂದಿನ ವೇಗದ ಚಿತ್ರಗಳಿಗೆ ಒಗ್ಗಿದವರಿಗೆ ಇದು ನಿಧಾನವೆನಿಸಬಹುದು. ತಾಳ್ಮೆಯಿಂದ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬೇಕಾದ ಚಿತ್ರವಿದು. ಮುಗಿದ ಮೇಲೆ ಮಕ್ಕಳು ತಂದೆತಾಯಿಯರನ್ನು ಒಂದು ಪ್ರಶ್ನೆ ಕೇಳಬಹುದು: ನಮ್ಮ ಪರವಾಗಿ ನೀವು ಯಾರಿಗೆ, ಏನೆಂದು ಮಾತು ಕೊಟ್ಟಿದ್ದೀರಿ? ಉತ್ತರ ಹೇಳುವ ಮೊದಲು ಹಿರಿಯರು ಸ್ವಲ್ಪ ಯೋಚಿಸುವುದು ಒಳ್ಳೆಯದು.